ವಾರಕ್ಕೊಂದು ಪೌಂಡಿನ ಸಂಸಾರ

ಅರಸರ ಬೊಕ್ಕಸದ ಲೆಕ್ಕವು ಶಾಸನಗಳಲ್ಲಿ ದೊರೆಯುತ್ತದೆ. ಗುಡಿ-ಮಠಗಳಿಗೆ ಬಿಟ್ಟ ಉಂಬಳಿಗಳ ವಿವರವು ಕಡತಗಳಲ್ಲಿ ದೊರೆಯುತ್ತದೆ. ಆದರೆ ಬಡತಾಯಿಯೊಬ್ಬಳು ವಾರದ ಸಂಬಳದಲ್ಲಿ ಬಾಡಿಗೆಗೆಷ್ಟು, ಉರುವಲಿಗೆಷ್ಟು, ಮಕ್ಕಳ ಅನ್ನಕ್ಕೆಷ್ಟು ವಿನಿಯೋಗಿಸಿದಳೆಂಬುದನ್ನು ತಿಳಿಸುವ ದಾಖಲೆಗಳು ಚರಿತ್ರೆಯಲ್ಲಿ ಬಲು ವಿರಳ. ಅಂತಹದೊಂದು ದಾಖಲೆಯ ಸಂಗತಿಯನ್ನು ಸದ್ಭಕ್ತರಾದ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅದು ನಮ್ಮ ನಾಡಿನದಲ್ಲ. ಅಂದು ನಮ್ಮನ್ನು ಆಳುತ್ತಿದ್ದವರ ರಾಜಧಾನಿಯದು. ಸೂರ್ಯ ಮುಳುಗದ ಸಾಮ್ರಾಜ್ಯವೆಂದು ಬೀಗುತ್ತಿದ್ದವರ ಮನೆಯಂಗಳದಲ್ಲಿಯೇ ಎಂತಹ ಸಂಸಾರಗಳಿದ್ದವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣದ ದಂಡೆಗೆ ಲ್ಯಾಂಬೆತ್ ಎಂಬ ಭಾಗವಿದೆ. 1909ರಿಂದ 1913ರವರೆಗೆ ಫೇಬಿಯನ್ ಮಹಿಳಾ ಗುಂಪಿನ ಸದಸ್ಯೆಯರು ಇಲ್ಲಿನ ಕೂಲಿಕಾರರ ಮನೆಗಳಿಗೆ ವಾರವಾರವೂ ಹೋಗಿಬರುತ್ತಿದ್ದರು. ಪೌಷ್ಟಿಕ ಆಹಾರ ದೊರೆತರೆ ತಾಯಿ-ಮಗುವಿನ ಆರೋಗ್ಯದಲ್ಲಿ ಏನು ವ್ಯತ್ಯಾಸವಾದೀತೆಂದು ಅರಿಯುವುದು ಅವರ ಗುರಿ. ಅದಕ್ಕಾಗಿ, ಹೆರಿಗೆಗೆ ಮೊದಲಿನಿಂದ ಆರಂಭಿಸಿ ಕೂಸಿಗೆ ಒಂದು ವರ್ಷ ತುಂಬುವವರೆಗೆ, ಪ್ರತಿ ತಾಯಿಗೂ ವಾರಕ್ಕೆ 5 ಶಿಲಿಂಗ್ ಕೊಡುತ್ತಿದ್ದರು. ಷರತ್ತು ಒಂದೇ: ಮನೆಯ ಖರ್ಚಿನ ಲೆಕ್ಕವನ್ನು ಬರೆದಿಡಬೇಕು. ಅಕ್ಷರ ಬಾರದ ತಾಯಂದಿರಿಗೆ ಗಂಡನೋ ಶಾಲೆಗೆ ಹೋಗುವ ಮಗಳೋ ನೆರವಾದರು. ಬರೆಯಬಲ್ಲವರು ತಾವು ಆಡಿದಂತೆಯೇ ಬರೆದರು. ಕಾಗುಣಿತ ತಪ್ಪಿದ್ದೀತು, ಕೂಡಿಕಳೆಯುವುದರಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಈ ಲೆಕ್ಕಗಳನ್ನಾಧರಿಸಿ ಮಾಡ್ ಪೆಂಬರ್ ರೀವ್ಸ್ ಎಂಬ ವಿದುಷಿ ಬರೆದ ‘ರೌಂಡ್ ಅಬೌಟ್ ಎ ಪೌಂಡ್ ಎ ವೀಕ್’ ಎಂಬ ಗ್ರಂಥವು 1913ರಲ್ಲಿ ಪ್ರಕಟವಾಯಿತು.

ಆ ಕಾಲದ ನಾಣ್ಯದ ಮಾತು ಇಲ್ಲಿ ಅವಶ್ಯ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಅಂದಿನ ವಿನಿಮಯದಲ್ಲಿ ಪೌಂಡಿಗೆ ನಮ್ಮ 15 ರೂಪಾಯಿಗಳು. ಆದುದರಿಂದ ಅವರ ಒಂದು ಪೆನ್ನಿ ಎಂದರೆ ನಮ್ಮ ಒಂದು ಆಣೆ. ಆಣೆಯ ಲೆಕ್ಕವನ್ನು ಹಿರಿಯರಿಂದ ಕೇಳಿ ಬಲ್ಲವರಿಗೆ ಮುಂದಿನ ಅಂಕಿಗಳು ಸುಲಭವಾಗಿ ಮನಸ್ಸಿಗೆ ಹತ್ತಿಯಾವು.

ಈ ಕುಟುಂಬಗಳು ಅತ್ಯಂತ ದರಿದ್ರವಾದವುಗಳೇನಲ್ಲ. ಗಂಡಂದಿರು ಬಂಡಿ ಹೊಡೆಯುವವರು, ರೈಲು ಡಬ್ಬಿ ತೊಳೆಯುವವರು, ಬಣ್ಣದವರ ಕೈಕೆಳಗಿನ ಕೂಲಿಗಳು. ಕೆಲಸ ಖಾಯಂ, ವಾರದ ಸಂಬಳ ಸುಮಾರು 18ರಿಂದ 30 ಶಿಲಿಂಗ್. ಬಹುಮಟ್ಟಿಗೆ ಕುಡಿತವಿಲ್ಲದ, ಸಂಬಳವನ್ನು ಹೆಂಡತಿಯ ಕೈಗೆ ಒಪ್ಪಿಸುವ ಗೃಹಸ್ಥರು. ಬಡವರು ಬಡವರಾಗಿರುವುದು ಕುಡಿತದಿಂದ, ಇಲ್ಲವೆ ಅವರ ಹೆಂಗಸರಿಗೆ ಮನೆವಾರ್ತೆ ತಿಳಿಯದಿರುವುದರಿಂದ ಎಂಬುದು ಅಂದಿನ ಸಿರಿವಂತರ ದೃಢವಾದ ನಂಬಿಕೆಯಾಗಿತ್ತು. ಅದನ್ನು ಒರೆಗೆ ಹಚ್ಚಲು ಇದಕ್ಕಿಂತ ತಕ್ಕ ಮನೆಗಳು ಸಿಕ್ಕಲಾರವು.

ಲೆಕ್ಕದ ಪುಸ್ತಕ ತೆರೆದರೆ ಮೊದಲು ಕಾಣುವುದು ಬಾಡಿಗೆ. ಎರಡು ಮೂರು ಕೋಣೆಗಳಿಗೆ ವಾರಕ್ಕೆ 6ರಿಂದ 9 ಶಿಲಿಂಗ್. ಸಿರಿವಂತನು ಆದಾಯದ ಎಂಟನೆಯ ಒಂದು ಪಾಲನ್ನು ಮನೆಗಾಗಿ ವೆಚ್ಚಮಾಡಿದರೆ ಬಡವನು ಮೂರನೆಯ ಒಂದು ಪಾಲನ್ನು ತೆರಬೇಕಾಗಿತ್ತೆಂದು ಲೇಖಕಿ ತೋರಿಸುತ್ತಾರೆ. ಬಾಡಿಗೆ ಉಳಿಸಲೆಂದು ನೆಲಮಾಳಿಗೆಗೆ ಇಳಿದವರಿಗೆ ಕತ್ತಲೆ, ತೇವ, ಮಕ್ಕಳಿಗೆ ಕೆಮ್ಮು.

ಎರಡನೆಯದು ಶವಸಂಸ್ಕಾರದ ವಿಮೆ. ಇದನ್ನು ಕಂಡು ಸುಶಿಕ್ಷಿತರು ಸಿಡಿಮಿಡಿಗೊಳ್ಳುತ್ತಿದ್ದರು. ಪ್ರತಿ ಮಗುವಿಗೆ ವಾರಕ್ಕೆ 1 ಪೆನ್ನಿ, ತಾಯಿಗೆ 2, ತಂದೆಗೆ 3. ಆರು ಮಕ್ಕಳಿದ್ದರೆ 11 ಪೆನ್ನಿ. ಬದುಕಿರುವ ಮಗುವಿಗೆ ಹಾಲಿಲ್ಲ, ಸಾಯಬಹುದಾದ ಮಗುವಿಗೆ ವಿಮೆಯೇ ಎಂದು ಕೇಳಬಹುದು. ಆದರೆ ಶಿಶುಮರಣ ನಿತ್ಯದ ಮಾತಾಗಿದ್ದ ಆ ಬೀದಿಗಳಲ್ಲಿ ಒಂದು ಕೂಸಿನ ಶವಸಂಸ್ಕಾರಕ್ಕೆ ವಾರದ ಸಂಬಳವೆಲ್ಲ ಸಾಲುತ್ತಿರಲಿಲ್ಲ. ವಿಮೆಯಿಲ್ಲದವರು ಸಾಲದ ಬಾಯಿಗೆ ಬೀಳಬೇಕು, ಇಲ್ಲವೆ ಮಗುವನ್ನು ಧರ್ಮಾರ್ಥ ಹೂಳುವವರ ಕೈಗೆ ಒಪ್ಪಿಸಬೇಕು. ಎರಡನೆಯದಕ್ಕೆ ಯಾವ ತಾಯಿ ಒಪ್ಪಿಯಾಳು?

ಇನ್ನು ಕಲ್ಲಿದ್ದಲು, ದೀಪ, ಸಾಬೂನು, ಮಕ್ಕಳ ಬೂಟಿಗೆಂದು ವಾರವಾರ ಕಟ್ಟುವ ಚೀಟಿ. ಇಂಗ್ಲೆಂಡಿನ ಚಳಿಯಲ್ಲಿ ಇವಾವುವನ್ನೂ ಬಿಡುವಂತಿಲ್ಲ. ಕಲ್ಲಿದ್ದಲನ್ನು ಕೂಡಿಡಲು ಸ್ಥಳವಿಲ್ಲದವರು ಚಿಲ್ಲರೆಯಾಗಿ ಕೊಂಡು ಹೆಚ್ಚು ಬೆಲೆ ತೆರುತ್ತಿದ್ದರು. ಇಷ್ಟೆಲ್ಲ ಕಳೆದು ಉಳಿದದ್ದೇ ಅನ್ನದ ಹಣ. ಸಂಸಾರದ ಲೆಕ್ಕದಲ್ಲಿ ಹಿಗ್ಗಿಸಲು ಕುಗ್ಗಿಸಲು ಬರುವುದು ಅದೊಂದೇ. ಅನೇಕ ಮನೆಗಳಲ್ಲಿ ತಲೆಗೆ ದಿನವೊಂದಕ್ಕೆ ಎರಡು ಮೂರು ಪೆನ್ನಿಗಿಂತ ಹೆಚ್ಚು ಬರುತ್ತಿರಲಿಲ್ಲ. ಊಟದ ಜೀವಾಳ ಬ್ರೆಡ್ಡು. ದುಡಿಯುವವನ ತೋಳು ಸೋತರೆ ಸಂಸಾರವೇ ಸೋತಂತೆ. ಆದುದರಿಂದ ಒಳ್ಳೆಯ ತುತ್ತು ಅವನಿಗೆ, ಉಳಿದದ್ದು ಮಕ್ಕಳಿಗೆ, ಕಟ್ಟಕಡೆಯದು ತಾಯಿಗೆ.

ಗಂಜಿಯ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಓಟ್ಸ್ ಧಾನ್ಯದ ಗಂಜಿ ಅಗ್ಗ, ಪುಷ್ಟಿಕರ. ಈ ಹೆಂಗಸರು ಅದನ್ನೇಕೆ ಕಾಸುವುದಿಲ್ಲವೆಂದು ಬುದ್ಧಿ ಹೇಳುವವರು ಬೇಕಾದಷ್ಟು ಜನ. ತಾಯಂದಿರ ಉತ್ತರವನ್ನು ಕೇಳಿರಿ. ಗಂಜಿ ಬಹಳ ಹೊತ್ತು ಬೇಯಬೇಕು. ಅಷ್ಟು ಹೊತ್ತಿಗೆ ಉರುವಲೆಲ್ಲಿ? ಮನೆಯಲ್ಲಿರುವುದು ಒಂದೇ ಹಳೆಯ ಪಾತ್ರೆ; ಅದರಲ್ಲಿ ನಿನ್ನೆಯ ಅಡುಗೆಯ ವಾಸನೆ, ಸ್ವಲ್ಪ ಕಣ್ಣು ತಪ್ಪಿದರೆ ತಳಹಿಡಿಯುತ್ತದೆ. ಹಾಲು, ಸಕ್ಕರೆ ಇಲ್ಲದ ಸೀದ ಗಂಜಿಯನ್ನು ಮಕ್ಕಳು ಮುಟ್ಟುವುದಿಲ್ಲ. ಆ ಕಾಳು, ಆ ಉರುವಲು ಎರಡೂ ವ್ಯರ್ಥ. ಬ್ರೆಡ್ಡಿಗೆ ಒಲೆ ಬೇಡ, ಪಾತ್ರೆ ಬೇಡ, ಮಗು ಕೈಯಲ್ಲಿ ಹಿಡಿದೇ ತಿಂದೀತು. ಈ ಉತ್ತರದಲ್ಲಿ ಅಜ್ಞಾನವೆಲ್ಲಿದೆ?

ಮಠದ ಪೀಠದಿಂದ ಹಿತಮಿತದ ಬದುಕನ್ನು ಬೋಧಿಸುವ ನಮ್ಮಂತಹವರು ಈ ಗ್ರಂಥವನ್ನು ಓದಬೇಕು. ಮಾರಯ್ಯನು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ನಾವು ಪ್ರವಚನಗಳಲ್ಲಿ ಕೊಂಡಾಡುತ್ತೇವೆ. ಅದು ಸರಿಯೇ. ಆದರೆ ಲಕ್ಕಮ್ಮನದು ತಾನಾಗಿ ಕೈಕೊಂಡ ವ್ರತ. ಬೇಡವೆನ್ನುವ ಸ್ವಾತಂತ್ರ್ಯ ಆ ತಾಯಿಗಿತ್ತು. ಲ್ಯಾಂಬೆತ್ತಿನ ತಾಯಿಗೆ ಬೇಡವೆನ್ನಲು ಹೆಚ್ಚಿನದೇನೂ ಬಂದಿರಲಿಲ್ಲ. ಇಬ್ಬರ ಬಾಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಶರಣಧರ್ಮಕ್ಕೆ ಒಪ್ಪತಕ್ಕದ್ದಲ್ಲ.

ಇದಕ್ಕೆ ಮುಂಚೆಯೇ, 1899ರಲ್ಲಿ, ಸೀಬೋಮ್ ರೌಂಟ್ರಿ ಎಂಬವರು ಯಾರ್ಕ್ ನಗರದ ಕೂಲಿಕಾರರ ಸ್ಥಿತಿಗತಿಯನ್ನು ಶೋಧಿಸಿ, ದಂಪತಿಗಳು ಮತ್ತು ಮೂವರು ಮಕ್ಕಳು ಬರಿಯ ದೇಹಧಾರಣೆ ಮಾಡಲು ವಾರಕ್ಕೆ 21 ಶಿಲಿಂಗ್ 8 ಪೆನ್ನಿ ಬೇಕೆಂದು ಗೊತ್ತುಪಡಿಸಿದ್ದರು. ಆ ಲೆಕ್ಕದಲ್ಲಿ ಒಂದು ವೃತ್ತಪತ್ರಿಕೆಗಾಗಲಿ, ಊರಿಗೆ ಬರೆಯುವ ಕಾಗದದ ಅಂಚೆಚೀಟಿಗಾಗಲಿ ಎಡೆಯಿರಲಿಲ್ಲ. ಲ್ಯಾಂಬೆತ್ತಿನ ಅನೇಕ ಮನೆಗಳಲ್ಲಿ ಮಕ್ಕಳು ಅದಕ್ಕಿಂತ ಹೆಚ್ಚು, ಹಣ ಅದಕ್ಕಿಂತ ಕಡಿಮೆ. ಕೊರತೆ ಗೃಹಿಣಿಯ ಜಾಣ್ಮೆಯಲ್ಲಿಲ್ಲ, ಸಂಬಳದಲ್ಲಿದೆ ಎಂದು ಪೆಂಬರ್ ರೀವ್ಸ್ ನಿರ್ಣಯಿಸಿದರು. ಮಕ್ಕಳ ಪೋಷಣೆಯಲ್ಲಿ ಸರಕಾರವೂ ಪಾಲುಗೊಳ್ಳಬೇಕೆಂದು ವಾದಿಸಿದರು.

ಆ ವಾದ ಕಾನೂನಾಗಲು ಎರಡು ಮಹಾಯುದ್ಧಗಳು ಕಳೆಯಬೇಕಾಯಿತು. ಎಲಿನರ್ ರಾತ್‌ಬೋನ್ ಎಂಬ ಪಾರ್ಲಿಮೆಂಟ್ ಸದಸ್ಯೆ ದಶಕಗಳ ಕಾಲ ಅದಕ್ಕಾಗಿ ಹೋರಾಡಿದರು. 1945ರ ಮಸೂದೆಯಲ್ಲಿ ಹಣವನ್ನು ತಂದೆಯ ಹೆಸರಿಗೆ ಬರೆಯಲಾಗಿತ್ತು; ರಾತ್‌ಬೋನ್ ಅದನ್ನು ಪ್ರತಿಭಟಿಸಿ, ತಾಯಿಗೇ ಸಲ್ಲುವಂತೆ ತಿದ್ದಿಸಿದರು. 1946ರ ಜನವರಿಯಲ್ಲಿ ಅವರು ತೀರಿಕೊಂಡರು. ಅದೇ ಆಗಸ್ಟಿನಲ್ಲಿ ಬ್ರಿಟನ್ನಿನ ತಾಯಂದಿರು, ಮೊದಲ ಮಗುವನ್ನು ಬಿಟ್ಟು ಉಳಿದ ಪ್ರತಿ ಮಗುವಿಗೂ ವಾರದ ಭತ್ಯವನ್ನು ಪಡೆಯತೊಡಗಿದರು. ಅದರ ಮೊತ್ತ 5 ಶಿಲಿಂಗ್. ಶಿಲಿಂಗಿನ ಬೆಲೆ ಅಷ್ಟರಲ್ಲಿ ಬಹಳ ಇಳಿದಿತ್ತು. ಲ್ಯಾಂಬೆತ್ತಿನಲ್ಲಿ ಅದೇ 5 ಶಿಲಿಂಗುಗಳನ್ನು ಮನೆಮನೆಗೆ ಮುಟ್ಟಿಸಿದ ಕಾರ್ಯದಲ್ಲಿ ಭಾಗಿಯಾಗಿದ್ದ ಪೆಂಬರ್ ರೀವ್ಸ್ ಆಗ ಎಂಬತ್ತು ತುಂಬಿದ ವೃದ್ಧೆ; ಇನ್ನೂ ಏಳು ವರ್ಷ ಬದುಕಿದ್ದರು.