ಆನೆ ನಡೆದದ್ದೇ ದಾರಿ



ಕಳೆದ ವಾರ ಶಹಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮದುವೆಯ ಮನೆಯಲ್ಲಿ ಸಿಕ್ಕಿದ್ದ. ಮಗಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಬಂದ ವಿಷಯ ಹೇಳುತ್ತ, "ಆನಿ ನಿಂತಲ್ಲೇ ತೂಗಾಡ್ಲಕತ್ತಿತ್ತು ಸರ್. ನೀವು ಪ್ರವಾಸದಾಗ ಹೇಳಿದ್ದು ನೆನಪಾಯ್ತು. ಖುಷಿಯಾಗಿ ಕುಣೀತದ ಅಂತ ಮಗಳಿಗೂ ಹೇಳಿದೆ" ಎಂದ. ಅವನು ಪ್ರೀತಿಯಿಂದ ಆಡಿದ ಆ ಮಾತು ನನ್ನನ್ನು ಇರಿಯಿತು.

ಅವನು ನೆನಪಿಸಿದ್ದು ನಿಜ. ಬಹಳ ವರ್ಷಗಳ ಹಿಂದೆ ಶಾಲಾ ಪ್ರವಾಸದಲ್ಲಿ ಒಂದು ಮೃಗಾಲಯಕ್ಕೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಬೇಡ. ಸಿಮೆಂಟಿನ ನೆಲದ ಮೇಲೆ, ಕಾಲಿಗೆ ಸರಪಳಿ ಹಾಕಿಸಿಕೊಂಡು ಒಂದೇ ಒಂದು ಆನೆ ನಿಂತಿತ್ತು. ತಲೆಯನ್ನು ಎಡಕ್ಕೂ ಬಲಕ್ಕೂ ಒಂದೇ ಲಯದಲ್ಲಿ ಆಡಿಸುತ್ತಿತ್ತು. "ಸರ್, ಆನಿ ಯಾಕ ಹಿಂಗ ಮಾಡ್ಲಕತ್ತದ್ರಿ?" ಎಂದು ಮಕ್ಕಳು ಕೇಳಿದಾಗ, "ನಿಮ್ಮನ್ನ ನೋಡಿ ಖುಷಿಯಾಗಿ ಕುಣೀಲಕತ್ತದ" ಎಂದುಬಿಟ್ಟೆ. ತಿಳಿಯದ್ದನ್ನು ತಿಳಿಯದು ಎಂದು ಹೇಳುವ ಧೈರ್ಯ ಆಗ ನನಗಿರಲಿಲ್ಲ. ಬಂಧನದಲ್ಲಿರುವ ಪ್ರಾಣಿಗಳು ಮಾಡಲು ಏನೂ ಇಲ್ಲದೆ, ನಡೆಯಲು ಜಾಗವಿಲ್ಲದೆ ಬೆಳೆಸಿಕೊಳ್ಳುವ ಅಭ್ಯಾಸ ಅದು ಎಂಬುದನ್ನು ಬಹಳ ತಡವಾಗಿ ಓದಿ ತಿಳಿದೆ. ಆ ತಪ್ಪು ಪಾಠ ಈಗ ಎರಡನೆಯ ತಲೆಮಾರಿಗೆ ದಾಟಿದೆ. ಅದನ್ನು ತಿದ್ದುವುದಕ್ಕಾಗಿಯೇ ಈ ಲೇಖನ.

ಮನುಷ್ಯ ಆನೆಯನ್ನು ಕಟ್ಟಿ ನೋಡುವ ಚರಿತ್ರೆ ನಮ್ಮ ಸೀಮೆಯಲ್ಲಿಯೇ ಬಹು ಹಳೆಯದು. ಯಾದಗಿರಿ, ಶಹಾಪುರ, ಸುರಪುರಗಳ ಬಂಡೆಗುಡ್ಡಗಳಲ್ಲಿ ಕಾಡಾನೆಗಳಿಲ್ಲ. ಆದರೆ ನಮ್ಮ ಭೀಮಾ ತೀರದ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದ ಶಿಲಾಫಲಕಗಳಲ್ಲಿ ಆನೆಗಳಿವೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಆನೆಗಳನ್ನು ಹಿಡಿಯುವ, ಪಳಗಿಸುವ ಕ್ರಮವಿದೆ. ರಾಜನು ಕುಳಿತು ನೋಡುವ ಆನೆಗಳ ಆಟದ ವರ್ಣನೆಯೂ ಇದೆ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹನಿಗೆ ಆತಶ್ ಖಾನ್ ಎಂಬ ಆನೆ ಎಷ್ಟು ಪ್ರಿಯವಾಗಿತ್ತೆಂದರೆ, ಅದರ ಮೇಲೆ ಕುಳಿತ ಅವನ ಚಿತ್ರವನ್ನು ಆಸ್ಥಾನದ ಕಲಾವಿದರು ಬರೆದರು. 1705ರಲ್ಲಿ ಔರಂಗಜೇಬ ನಮ್ಮ ವಾಗಣಗೇರಾ ಕೋಟೆಯನ್ನು ಮುತ್ತಿದ ಕಾಲಕ್ಕೂ ಆನೆಯೆಂದರೆ ಸೈನ್ಯದ ಒಂದು ಅಂಗ. ಅರಸರಿಗೆ ಆನೆ ಐಶ್ವರ್ಯ, ಆಯುಧ ಮತ್ತು ವಿನೋದ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆಯಲ್ಲಿ ಕೂಡ ಆನೆಯ ಬೆಲೆಯ ಲೆಕ್ಕವಿದೆಯೇ ಹೊರತು ಆನೆಯ ಸುಖದ ಲೆಕ್ಕವಿಲ್ಲ.

ಅರಸರ ವಿನೋದ ಸಾರ್ವಜನಿಕರ ನೋಟವಾದದ್ದು ಮೃಗಾಲಯಗಳಿಂದ. ನಮ್ಮ ನಾಡಿನಲ್ಲಿ 1892ರಲ್ಲಿ ಚಾಮರಾಜೇಂದ್ರ ಒಡೆಯರು ಮೈಸೂರಿನ ಮೃಗಾಲಯವನ್ನು ಸ್ಥಾಪಿಸಿದರು. ಜರ್ಮನಿಯ ಉದ್ಯಾನ ತಜ್ಞ ಕ್ರುಂಬಿಗಲ್ ಅದರ ತೋಟಕ್ಕೆ ರೂಪ ಕೊಟ್ಟರು. 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಳಿ ಕಾರ್ಲ್ ಹಾಗೆನ್‌ಬೆಕ್ ಎಂಬಾತ ಕಂಬಿಗಳನ್ನು ತೆಗೆದು, ನೋಡುವವರಿಗೂ ಪ್ರಾಣಿಗಳಿಗೂ ನಡುವೆ ಕಂದಕ ತೋಡಿಸಿದ. ಕಂಬಿಯಿಲ್ಲದ ಆ ನೋಟ ಎಷ್ಟು ಸುಂದರವೆನಿಸಿತೆಂದರೆ ಜಗತ್ತಿನ ಮೃಗಾಲಯಗಳೆಲ್ಲ ಅದನ್ನು ಅನುಸರಿಸಿದವು. ಆದರೆ ಕಂಬಿ ಮರೆಯಾದದ್ದು ನಮ್ಮ ಕಣ್ಣಿಗೆ ಮಾತ್ರ. ಆನೆಯ ಪಾಲಿಗೆ ಕಂದಕವೂ ಗಡಿಯೇ. ಆಳವಾದ ಒಣ ಕಂದಕಕ್ಕೆ ಬಿದ್ದು ಗಾಯಗೊಂಡ ಆನೆಗಳೂ ಉಂಟು.

ಅಂದವೇ ಗುರಿಯಾದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ ಮೃಗಾಲಯ ಒಳ್ಳೆಯ ಉದಾಹರಣೆ. 1965ರಲ್ಲಿ ಅಲ್ಲಿ ಹ್ಯೂ ಕ್ಯಾಸನ್ ಮತ್ತು ನೆವಿಲ್ ಕಾಂಡರ್ ಎಂಬ ವಾಸ್ತುಶಿಲ್ಪಿಗಳು ಆನೆ ಮತ್ತು ಘೇಂಡಾಮೃಗಗಳಿಗಾಗಿ ಒಂದು ಮನೆ ಕಟ್ಟಿದರು. ಒರಟು ಕಾಂಕ್ರೀಟಿನ ಆ ಗೋಡೆಗಳು ಆನೆಯ ಚರ್ಮವನ್ನೇ ನೆನಪಿಸುತ್ತವೆ. ಕಟ್ಟಡವು ಪ್ರಶಸ್ತಿ ಪಡೆಯಿತು. ಮುಂದೆ ಸಂರಕ್ಷಿತ ಸ್ಮಾರಕವೂ ಆಯಿತು. ಆದರೆ 2001ರಲ್ಲಿ ಆನೆಗಳು ಅದನ್ನು ಬಿಟ್ಟು, ವಿಪ್ಸ್‌ನೇಡ್ ಎಂಬಲ್ಲಿನ ವಿಶಾಲವಾದ ಬಯಲಿಗೆ ಹೋದವು. ಆನೆಗಳಿಗಾಗಿ ಕಟ್ಟಿದ ಮನೆ ಉಳಿಯಿತು, ಆನೆಗಳು ಉಳಿಯಲಿಲ್ಲ.

ಹಾಗಾದರೆ ಮಕ್ಕಳು ಆನೆಯನ್ನು ನೋಡುವುದೇ ಬೇಡವೇ? ಇದಕ್ಕೆ ಉತ್ತರ ಸುಲಭವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಬಾಂಬು ಬಿದ್ದರೆ ಪ್ರಾಣಿಗಳು ತಪ್ಪಿಸಿಕೊಂಡು ಊರಿಗೆ ನುಗ್ಗಿಯಾವು ಎಂಬ ಕಾರಣ ಕೊಟ್ಟು ಟೋಕಿಯೋದ ಉಯೆನೊ ಮೃಗಾಲಯದ ಮೂರು ಆನೆಗಳನ್ನು ಉಪವಾಸ ಕೆಡವಿ ಕೊಂದರು. ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ಆನೆ ಬೇಕೆಂದು ನಮ್ಮ ಪ್ರಧಾನಿ ನೆಹರೂ ಅವರಿಗೆ ಮೊರೆಯಿಟ್ಟರು. ನೆಹರೂ 1949ರಲ್ಲಿ ಒಂದು ಹೆಣ್ಣಾನೆಯನ್ನು ಕಳಿಸಿ, ತಮ್ಮ ಮಗಳ ಹೆಸರನ್ನೇ ಅದಕ್ಕಿಟ್ಟರು. ಆ ಇಂದಿರಾ ನಮ್ಮ ಮೈಸೂರು ಸೀಮೆಯ ಆನೆ. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡ ಒಂದೇ. ಜಪಾನಿನ ಪಾಲಕರು ನಮ್ಮ ಮಾವುತರ ಬಳಿ ಕನ್ನಡದ ಆಜ್ಞೆಗಳನ್ನು ಕಲಿಯಬೇಕಾಯಿತು! ಸೋತು ಸುಣ್ಣವಾಗಿದ್ದ ಒಂದು ದೇಶದ ಮಕ್ಕಳಿಗೆ ಆ ಆನೆ ಕೊಟ್ಟ ಸಂತೋಷ ಸುಳ್ಳಲ್ಲ. 1983ರಲ್ಲಿ ಸಾಯುವವರೆಗೂ ಅದು ಅಲ್ಲಿಯೇ ಇತ್ತು.

ಆದರೆ ಅದೇ 1949ರಲ್ಲಿ ಥಾಯ್ಲೆಂಡಿನಿಂದ ಟೋಕಿಯೋಗೆ ಬಂದ ಮರಿಯಾನೆಯೊಂದರ ಕಥೆಯನ್ನೂ ಕೇಳಬೇಕು. ಅದರ ಹೆಸರು ಹನಾಕೊ. 1954ರಿಂದ ಇನೊಕಶಿರಾ ಎಂಬ ಉದ್ಯಾನದಲ್ಲಿದ್ದ ಆ ಆನೆ, ಕಾಂಕ್ರೀಟಿನ ಚಿಕ್ಕ ಅಂಗಳದಲ್ಲಿ ಇನ್ನೊಂದು ಆನೆಯ ಮುಖ ಕಾಣದೆ ದಶಕಗಳನ್ನು ಕಳೆಯಿತು. ಅದರ ಚಿತ್ರಗಳು ಹೊರಬಿದ್ದಾಗ ಲಕ್ಷಾಂತರ ಜನ ಮರುಗಿ ಮನವಿಗೆ ಸಹಿ ಹಾಕಿದರು. 2016ರ ಮೇ ತಿಂಗಳಲ್ಲಿ, 69ನೆಯ ವಯಸ್ಸಿನಲ್ಲಿ, ಹನಾಕೊ ಅಲ್ಲಿಯೇ ಸತ್ತಿತು. ಅದನ್ನು ಯಾರೂ ದ್ವೇಷಿಸಿರಲಿಲ್ಲ, ಊರೆಲ್ಲ ಪ್ರೀತಿಸುತ್ತಿತ್ತು. ಪ್ರೀತಿಯೊಂದೇ ಸಾಲದು ಎಂಬುದೇ ಇಲ್ಲಿಯ ಪಾಠ.

ನಾವೇನೂ ಕಡಿಮೆಯಿಲ್ಲ. ಜಿಂಬಾಬ್ವೆ ದೇಶ ನಮ್ಮ ರಾಷ್ಟ್ರಪತಿ ಶಂಕರ ದಯಾಳ ಶರ್ಮಾ ಅವರಿಗೆ ಕಾಣಿಕೆಯಾಗಿ ಕೊಟ್ಟ ಆಫ್ರಿಕದ ಆನೆಗೆ ಶಂಕರ ಎಂದೇ ಹೆಸರಿಟ್ಟೆವು. ಸಂಗಾತಿ ಸತ್ತ ಮೇಲೆ ಅದು ದೆಹಲಿಯ ಮೃಗಾಲಯದಲ್ಲಿ ಅನೇಕ ವರ್ಷ ಒಂಟಿಯಾಗಿದ್ದು, 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿತು.

ಆನೆಗೆ ಬೇಕಾದದ್ದೇನು? ಅದು ಕುಟುಂಬದ ಪ್ರಾಣಿ. ಹಿರಿಯ ಹೆಣ್ಣಾನೆಯ ಹಿಂದೆ ತಾಯಂದಿರು, ಮರಿಗಳು ನಡೆಯುತ್ತವೆ. ದಿನದ ಬಹುಪಾಲು ಅದು ಮೇಯುತ್ತ ನಡೆಯುತ್ತಲೇ ಇರಬೇಕು. ಗಟ್ಟಿ ನೆಲದ ಮೇಲೆ ವರ್ಷಗಟ್ಟಲೆ ನಿಂತರೆ ಪಾದಗಳು ಬಿರಿದು ಕೀವಾಗುತ್ತವೆ, ಕೀಲುಗಳು ಸವೆಯುತ್ತವೆ. ಆದುದರಿಂದ ಇಂದಿನ ಒಳ್ಳೆಯ ವಿನ್ಯಾಸಗಳಲ್ಲಿ ಮರಳಿನ ನೆಲ, ಕೆಸರಿನ ಹೊಂಡ, ಈಜುವಷ್ಟು ಆಳದ ಕೆರೆ, ಮೈ ಉಜ್ಜಲು ಮರದ ದಿಮ್ಮಿ, ಸೊಂಡಿಲು ಚಾಚಿ ಹುಡುಕಿ ತಿನ್ನುವಂತೆ ಎತ್ತರದಲ್ಲಿ ಕಟ್ಟಿದ ಮೇವು, ನೆರಳು ಇವೆಲ್ಲ ಇರುತ್ತವೆ. ಜನರ ಕಣ್ಣಿನಿಂದ ಮರೆಯಾಗಲು ಒಂದು ಜಾಗವೂ ಇರುತ್ತದೆ. "ರೊಕ್ಕ ಕೊಟ್ಟು ಬಂದೀವಿ, ಆನಿ ಕಾಣ್ಲಿಲ್ಲ" ಎಂದು ಗೊಣಗುವವರು ಇದ್ದೇ ಇರುತ್ತಾರೆ. ಆದರೆ ಆನೆ ಈಗ ನಿಮಗೆ ಕಾಣಿಸಲು ಇಷ್ಟಪಡುತ್ತಿಲ್ಲ ಎಂದು ಮಗುವಿಗೆ ಹೇಳಿದರೆ ಅದಕ್ಕಿಂತ ದೊಡ್ಡ ಪಾಠ ಯಾವುದಿದೆ?

ನಮ್ಮ ಕೇಂದ್ರೀಯ ಮೃಗಾಲಯ ಪ್ರಾಧಿಕಾರವು 2009ರ ನವೆಂಬರಿನಲ್ಲಿ, ಮೃಗಾಲಯ ಮತ್ತು ಸರ್ಕಸ್ಸುಗಳಲ್ಲಿರುವ ಆನೆಗಳನ್ನು ಕಾಡಿನಂಚಿನ ಶಿಬಿರಗಳಿಗೆ, ರಾಷ್ಟ್ರೀಯ ಉದ್ಯಾನಗಳಿಗೆ ಸಾಗಿಸಬೇಕೆಂದು ಸೂಚಿಸಿತು. ಮರುತಿಂಗಳೇ ನಮ್ಮ ಯಾದಗಿರಿ ಜಿಲ್ಲೆಯಾಯಿತು. ಆ ಸಂಭ್ರಮದಲ್ಲಿ ನಾನೂ ಈ ಸುದ್ದಿಯನ್ನು ಗಮನಿಸಿರಲಿಲ್ಲ. ಆ ಸೂಚನೆ ಎಲ್ಲ ಕಡೆಗೂ ಪೂರ್ಣವಾಗಿ ಜಾರಿಯಾಗಿಲ್ಲ. ಆದರೂ ಸಕ್ರೆಬೈಲು, ದುಬಾರೆ ಶಿಬಿರಗಳಲ್ಲಿ ಆನೆಗಳು ಹಗಲು ಜನರಿಗೆ ಕಾಣಿಸಿಕೊಂಡು ರಾತ್ರಿ ಕಾಡಿನಲ್ಲಿ ಮೇದು ಬರುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಅಲ್ಲಿಯೂ ಸರಪಳಿಯಿದೆ, ಅಂಕುಶವಿದೆ, ಒಪ್ಪುತ್ತೇನೆ. ಆದರೆ ಕಾಲ ಕೆಳಗೆ ಮಣ್ಣಿದೆ, ಪಕ್ಕದಲ್ಲಿ ಇನ್ನೊಂದು ಆನೆಯಿದೆ. ಇತ್ತ 2025ರ ಜುಲೈನಲ್ಲಿ ಬನ್ನೇರುಘಟ್ಟದಿಂದ ನಾಲ್ಕು ಆನೆಗಳು ಪ್ರಾಣಿ ವಿನಿಮಯದಲ್ಲಿ ಮತ್ತೆ ಜಪಾನಿಗೆ ಹೋದವು. ಈ ಸಲ ಒಂಟಿಯಾಗಿ ಕಳಿಸದೆ ನಾಲ್ಕನ್ನು ಕಳಿಸಿದರಲ್ಲ ಎಂಬುದಷ್ಟೇ ನನಗೆ ಸಮಾಧಾನ.

ಆನೆಯ ಸುಖ, ನೋಟದ ಅಂದ, ಮಕ್ಕಳ ಕಲಿಕೆ ಇವು ಮೂರನ್ನೂ ತೂಗಬೇಕು ಎನ್ನುತ್ತಾರೆ. ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಆನೆಯನ್ನು ತೋರಿಸಿದವನಾಗಿ ನನ್ನ ಅಭಿಪ್ರಾಯ ಇಷ್ಟು: ಇವು ಮೂರು ಸಮನಾದ ತೂಕಗಳಲ್ಲ. ಮೊದಲನೆಯದು ತಪ್ಪಿದರೆ ಮೂರನೆಯದು ಸುಳ್ಳಾಗುತ್ತದೆ. ಸರಪಳಿಯಲ್ಲಿ ತೂಗಾಡುವ ಆನೆಯ ಮುಂದೆ ಎಂಥ ಫಲಕ ಬರೆದು ನಿಲ್ಲಿಸಿದರೂ ಮಗು ಕಲಿಯುವುದು ಆನೆಯ ವಿಷಯವನ್ನಲ್ಲ, ದೊಡ್ಡದನ್ನೂ ಕಟ್ಟಿಹಾಕಬಹುದು ಎಂಬುದನ್ನು.

ಆನೆ ನಡೆದದ್ದೇ ದಾರಿ ಎಂಬ ಗಾದೆಯನ್ನು ನಿಮಗೆಲ್ಲ ತರಗತಿಯಲ್ಲಿ ಬರೆಸಿದ್ದೇನೆ. ನಡೆಯಲು ದಾರಿಯೇ ಇಲ್ಲದ ಆನೆಯನ್ನು ತೋರಿಸಿ ಆ ಗಾದೆಯ ಅರ್ಥ ಹೇಳಿಕೊಡಲು ಬರುವುದಿಲ್ಲ.

ಹಳೆಯ ಮೇಷ್ಟ್ರು ಮನೆಗೆಲಸ ಕೊಡದೆ ಬಿಡುವುದಿಲ್ಲವಷ್ಟೆ. ಮುಂದಿನ ಸಲ ಮಕ್ಕಳೊಡನೆ ಆನೆಯ ಅಂಗಳದ ಮುಂದೆ ನಿಂತಾಗ ಮೂರನ್ನು ಗಮನಿಸಿರಿ. ಅದಕ್ಕೆ ಜೊತೆಗಾರರಿದ್ದಾರೆಯೇ? ಕಾಲ ಕೆಳಗೆ ಏನಿದೆ? ನಮ್ಮಿಂದ ಮರೆಯಾಗಬೇಕೆನಿಸಿದರೆ ಎಲ್ಲಿ ಹೋದೀತು? ಉತ್ತರವನ್ನು ಮಕ್ಕಳಿಂದಲೇ ಹೇಳಿಸಿರಿ.

ಮತ್ತು ಶಹಾಪುರದ ನನ್ನ ವಿದ್ಯಾರ್ಥಿಗೆ ಒಂದು ಮಾತು. ಆ ಆನೆ ಕುಣಿಯುತ್ತಿರಲಿಲ್ಲಪ್ಪ. ಮಗಳಿಗೆ ಹೇಳು: ನಮ್ಮ ಮೇಷ್ಟ್ರು ತಪ್ಪು ಹೇಳಿದ್ದರಂತೆ, ಈಗ ತಿದ್ದಿದ್ದಾರೆ ಎಂದು.