ಹದಿನಾರು ಬಣ್ಣದಿಂದ ಹದಿನಾಲ್ಕು ಕ್ಯಾರೆಟ್‌ಗೆ

ಇತವಾರಿಯ ಸರಾಫಾದಲ್ಲಿ ಬಳೆ ಕೊಳ್ಳುವಾಗ "22 ಕ್ಯಾರೆಟ್ ತಾನೇ?" ಎಂದು ಕೇಳದ ಗೆಳತಿಯರು ನಮ್ಮಲ್ಲಿ ಯಾರಿದ್ದಾರೆ? 24 ಕ್ಯಾರೆಟ್‌ನ ಅಪರಂಜಿ ಯಾಕೆ ಬೇಡವೆಂದರೆ ಅದು ಬಲು ಮೆದು. ಒಂದೇ ಗ್ರಾಂ ಚಿನ್ನವನ್ನು ಬಡಿದು ಸುಮಾರು ಒಂದು ಚದರ ಮೀಟರ್ ಹಾಳೆ ಮಾಡಬಹುದು. ದಿನವೂ ಪಾತ್ರೆ ತಿಕ್ಕುವ ಕೈಯಲ್ಲಿ ಅಂಥ ಬಳೆ ಸೊಟ್ಟಗಾಗದೆ ಉಳಿದೀತೇ? ಅದಕ್ಕೇ ತಾಮ್ರ, ಬೆಳ್ಳಿಯ ಬೆರಕೆ.

ಈ ಬೆರಕೆಯ ಲೆಕ್ಕ ನಮಗೆ ಹಳೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಚಿನ್ನ ಬೆರೆಸುವ ಲೆಕ್ಕಗಳದೇ ಒಂದು ಭಾಗವಿದೆ. ಶುದ್ಧತೆಯ ಅಳತೆ 'ವರ್ಣ', ಅಂದರೆ ಬಣ್ಣ. ಅಪ್ಪಟ ಚಿನ್ನಕ್ಕೆ 16. ಹದಿನಾರು ಬಣ್ಣದ 3 ತೊಲಕ್ಕೆ ಹನ್ನೆರಡು ಬಣ್ಣದ 1 ತೊಲ ಸೇರಿಸಿ ಕರಗಿಸಿದರೆ 15 ಬಣ್ಣದ 4 ತೊಲ. ಬರೀ ಸರಾಸರಿ. (ಅದೇ ವಂಶದ ಮೂರನೇ ಕೃಷ್ಣನ ಕ್ರಿ.ಶ. 940ರ ತಾಮ್ರಪಟ ಸಿಕ್ಕಿದ್ದು ನಮ್ಮ ಪಕ್ಕದ ವರ್ಧಾ ಜಿಲ್ಲೆಯ ದೇವಳಿಯಲ್ಲಿ. ನಾಗಪುರದ ಹೆಸರು ಅದರಲ್ಲಿದೆ!)

ಗಟ್ಟಿತನ ಮಾತ್ರ ಈ ಸರಾಸರಿಗೆ ಬಗ್ಗುವುದಿಲ್ಲ. ಕಾಯಿಸಿ ಮೆದು ಮಾಡಿದ ಶುದ್ಧ ಚಿನ್ನ ವಿಕರ್ಸ್ ಮಾಪನದಲ್ಲಿ 25ರ ಆಸುಪಾಸು, ತಾಮ್ರ 50ರ ಆಸುಪಾಸು. ಎರಡೂ ಬೆಳ್ಳಿಯೊಡನೆ ಸೇರಿದ 14 ಕ್ಯಾರೆಟ್ 100 ದಾಟುತ್ತದೆ! ತಾಮ್ರದ ಪರಮಾಣು ಚಿನ್ನದ್ದಕ್ಕಿಂತ ಚಿಕ್ಕದು. ಒಂದರ ಮೇಲೊಂದು ಸಲೀಸಾಗಿ ಜಾರುತ್ತಿದ್ದ ಪರಮಾಣುಗಳ ಸಾಲು ಅದರಿಂದ ಏರುಪೇರಾಗಿ ತಡೆಯುತ್ತದೆ.

ಹಾಗಾದರೆ 14 ಕ್ಯಾರೆಟ್ಟೇ ಒಳ್ಳೆಯ ಲೋಹವಲ್ಲವೇ? 1963ರ ಜನವರಿಯಲ್ಲಿ ಅದನ್ನೇ ಕಡ್ಡಾಯ ಮಾಡಲಾಯಿತು, ಆದರೆ ಕಾರಣ ಬೇರೆ. ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು, ವಿದೇಶಿ ವಿನಿಮಯಕ್ಕೆ ಬರ. ಜನರ ಚಿನ್ನದ ಆಸೆ ತಗ್ಗಿಸಬೇಕೆಂದು ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಹೊಸ ಒಡವೆ 14 ಕ್ಯಾರೆಟ್ ಮೀರಬಾರದೆಂಬ ನಿಯಮ ತಂದರು. ಇಂಜಿನಿಯರಿಂಗ್ ಓದಿದವಳಾಗಿ ಆ ಲೋಹದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬ್ಯಾಂಕ್ ಖಾತೆಯೇ ಇಲ್ಲದ ಹೆಂಗಸಿಗೆ ಬಳೆ ಎಂದರೆ ಬರೀ ಅಲಂಕಾರವೇ? ಕಷ್ಟಕಾಲಕ್ಕೆ ಅಡವಿಡುವ ಆಪದ್ಧನ ಅದು. ಒರೆಗಲ್ಲಿನ ಮೇಲೆ ಉಜ್ಜಿದಾಗ ಬೆಲೆ ಬರುವುದು ಶುದ್ಧತೆಗೆ, ಗಟ್ಟಿತನಕ್ಕಲ್ಲ.

ಹೆಚ್ಚು ನೊಂದವರು ಅಕ್ಕಸಾಲಿಗರು. ಅವರ ಕೈ, ಬೆಸುಗೆ, ಬೆಂಕಿಯ ಅಂದಾಜು ಎಲ್ಲವೂ ಪಳಗಿದ್ದು ಮೆದು ಚಿನ್ನಕ್ಕೆ. 14 ಕ್ಯಾರೆಟ್ ಬಡಿದಂತೆಲ್ಲ ಬಿರುಸಾಗುತ್ತದೆ, ಮತ್ತೆ ಮತ್ತೆ ಕಾಯಿಸಬೇಕು. ಕಾಯಿಸಿದರೆ ತಾಮ್ರದಿಂದಾಗಿ ಕಪ್ಪಿಡುತ್ತದೆ. ಕೊಳ್ಳುವವರೂ ಬರಲಿಲ್ಲ. ದೇಶದ ಉದ್ದಗಲಕ್ಕೂ ಸಾವಿರಾರು ಕುಟುಂಬಗಳು ತಲೆಮಾರುಗಳ ಕಸುಬು ಕಳೆದುಕೊಂಡವು. 1966ರಲ್ಲಿ 14 ಕ್ಯಾರೆಟ್ ಮಿತಿ ಹೋಯಿತು; 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯ್ದೆ ಮಾತ್ರ 1990ರವರೆಗೂ ಇತ್ತು.

ಈಗ ಹಾಲ್‌ಮಾರ್ಕ್ ಬಂದಿದೆ. 22 ಕ್ಯಾರೆಟ್‌ಗೆ 916, 14ಕ್ಕೆ 585. ಆಫೀಸಿಗೆ ಹಾಕಿಕೊಳ್ಳುವ ಪುಟ್ಟ ವಜ್ರದ ಓಲೆಯನ್ನು ತಿರುಗಿಸಿ ನೋಡಿ. ಕಲ್ಲು ಬಿಗಿಯಾಗಿ ಹಿಡಿಯಲು ಗಟ್ಟಿ ಲೋಹ ಬೇಕಲ್ಲ, ಎಷ್ಟೋ ಓಲೆಗಳ ಮೇಲೆ ಇರುವುದು ಅದೇ 585.