ಮೂಸಿಯ ಮಹಾಪೂರ: ಪರಿಹಾರವೇ ಪುನರ್ನಿರ್ಮಾಣವಲ್ಲ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಗಂಡಿಪೇಟೆಯ ಕೆರೆ ವಿಹಾರಸ್ಥಳವೆಂದೇ ಪರಿಚಿತ. ಆದರೆ ಆ ಕಟ್ಟೆಯ ಹಿಂದೆ ಸಾವಿರಾರು ಜನರ ಸಾವು ಇದೆ. ಆ ಸಾವಿನಿಂದ ಪಾಠ ಕಲಿತ ಒಂದು ಸರಕಾರದ ಸಂಕಲ್ಪವೂ ಇದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿಯಿತು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ ಸುಮಾರು 19 ಅಂಗುಲ ಮಳೆ ಸುರಿದಿತ್ತು. ನದಿಯ ಜಲಾನಯನ ಪ್ರದೇಶದಲ್ಲಿದ್ದ 788 ಕೆರೆಗಳ ಪೈಕಿ 221 ಕೆರೆಗಳು ಒಡೆದವು. ಒಂದು ಕೆರೆಯ ನೀರು ಮುಂದಿನ ಕೆರೆಯ ಏರಿಯನ್ನು ಒಡೆಯುತ್ತ, ಎಲ್ಲವೂ ಕೂಡಿ ನಗರದ ಮೇಲೆ ಎರಗಿತು. ಸುಮಾರು 15,000 ಜನ ಸತ್ತರೆಂಬುದು ಸಾಮಾನ್ಯವಾಗಿ ಹೇಳಲಾಗುವ ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಿಸೆಮರವನ್ನೇರಿ ನೂರೈವತ್ತರಷ್ಟು ಮಂದಿ ಬದುಕಿದರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಆ ಮರಕ್ಕೆ ಜನ ಇಂದಿಗೂ ಕೃತಜ್ಞರು.

ಆಗ ಆಳುತ್ತಿದ್ದವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ನಿರಾಶ್ರಿತರಿಗೆ ಅನ್ನ, ಆಸರೆಗಳನ್ನು ಒದಗಿಸಿದ್ದು ಆಡಳಿತದ ಮೊದಲ ಕರ್ತವ್ಯವಾಯಿತು. ಆದರೆ ಅದು ಅಷ್ಟಕ್ಕೇ ಕಡತ ಮುಚ್ಚಲಿಲ್ಲವೆಂಬುದು ಮುಖ್ಯ. ಮುಂಬಯಿ ಪ್ರಾಂತದ ಸೇವೆಯನ್ನು ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಆಹ್ವಾನ ಹೋಯಿತು. 1909ರಲ್ಲಿ ಅವರು ಇಲ್ಲಿಗೆ ಬಂದು, ಮಳೆಯ ಲೆಕ್ಕ, ಒಡೆದ ಕೆರೆಗಳ ಲೆಕ್ಕ, ನದಿಪಾತ್ರದ ಅಳತೆ ಎಲ್ಲವನ್ನೂ ಪರಿಶೀಲಿಸಿದರು. ನಗರದೊಳಗೆ ದಂಡೆಯನ್ನು ಎತ್ತರಿಸಿದರಷ್ಟೇ ಸಾಲದು, ನೆರೆಯನ್ನು ನಗರಕ್ಕಿಂತ ಮೇಲೆಯೇ ತಡೆಹಿಡಿಯಬೇಕು ಎಂಬುದು ಅವರ ವರದಿಯ ತಿರುಳು. ಅದರೊಡನೆ ಒಳಚರಂಡಿಯ ಯೋಜನೆಯನ್ನೂ ಸೂಚಿಸಿದರು.

ಮುಂದೆ ಏಳನೆಯ ನಿಜಾಮನ ಕಾಲದಲ್ಲಿ, 1912ರಲ್ಲಿ, ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಮೂಸಿಗೆ ಕಟ್ಟಿದ ಉಸ್ಮಾನ್ ಸಾಗರ (ಇದೇ ನಮ್ಮ ಗಂಡಿಪೇಟೆ ಕೆರೆ) 1920ರಲ್ಲಿ, ಈಸಿ ನದಿಗೆ ಕಟ್ಟಿದ ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ನೆರೆಯನ್ನು ತಡೆದ ನೀರೇ ಊರಿಗೆ ಕುಡಿಯುವ ನೀರಾಯಿತು. ಪ್ರವಾಹದಿಂದ ಜಲಾಶಯದವರೆಗೆ ಹತ್ತೊಂಬತ್ತು ವರ್ಷ! ಇಬ್ಬರು ಅರಸರ ಆಳ್ವಿಕೆಯನ್ನು ದಾಟಿಯೂ ಹಣ ನಿಲ್ಲಲಿಲ್ಲ, ಯೋಜನೆ ಮರೆಯಾಗಲಿಲ್ಲ. ಕಲಬುರಗಿ, ರಾಯಚೂರು, ಬೀದರಗಳು ಅಂದು ಇದೇ ಸಂಸ್ಥಾನದ ಜಿಲ್ಲೆಗಳಾಗಿದ್ದುದರಿಂದ ಈ ಇತಿಹಾಸ ನಮಗೆ ಪರಕೀಯವಲ್ಲ.

2020ರ ಅಕ್ಟೋಬರಿನಲ್ಲಿ ಘಟಕೇಸರದಲ್ಲಿ ಒಂದೇ ದಿನ 32 ಸೆಂಟಿಮೀಟರಿನಷ್ಟು ಮಳೆಯಾಯಿತು. 1908ರ ಶಂಷಾಬಾದಿನ 12.8 ಅಂಗುಲವೂ ಹೆಚ್ಚುಕಡಿಮೆ ಇಷ್ಟೇ. ಗುರ್ರಂ ಚೆರುವಿನ ಕಟ್ಟೆ ಒಡೆದು ಹಳೆಯ ನಗರದ ಬಡಾವಣೆಗಳು ಮುಳುಗಿದವು. ಸರಕಾರ ಕುಟುಂಬಕ್ಕೆ 10,000 ರೂಪಾಯಿಗಳ ತುರ್ತು ನೆರವನ್ನು ಘೋಷಿಸಿತು. ಹಸಿದವನಿಗೆ ಅದು ಅಗತ್ಯವೇ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಹಣದಿಂದ ಕೆರೆಯ ಏರಿ ಗಟ್ಟಿಯಾಗುವುದಿಲ್ಲ, ಮುಚ್ಚಿಹೋದ ರಾಜಕಾಲುವೆ ತೆರೆಯುವುದಿಲ್ಲ. ಮನೆಗೋಡೆಯನ್ನು ಗೃಹಸ್ಥನು ಮತ್ತೆ ಕಟ್ಟಿಕೊಂಡಾನು. ನದಿಯ ಮೇಲ್ದಂಡೆಯನ್ನು ಕಾಯುವುದು ಅವನಿಂದ ಸಾಧ್ಯವೆ?

ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ನಿರ್ಮಾಣವನ್ನು ನಿರ್ಬಂಧಿಸಿ 1996ರಲ್ಲಿ ಹೊರಟ 111ನೆಯ ಸಂಖ್ಯೆಯ ಸರಕಾರಿ ಆದೇಶವನ್ನು 2022ರಲ್ಲಿ ಸಡಿಲಿಸಲು ಸರಕಾರ ಮುಂದಾಯಿತು. ಸತ್ತವರ ಸ್ಮಾರಕದಂತಿರುವ ಕೆರೆಗಳ ವಿಷಯದಲ್ಲಿ ಇದು ಮರೆವಲ್ಲದೆ ಮತ್ತೇನು?

ಆದುದರಿಂದ ಕೇಂದ್ರ, ರಾಜ್ಯ ಸರಕಾರಗಳೆರಡರಲ್ಲೂ ನಮ್ಮ ಬಿನ್ನಹವಿಷ್ಟು: ನೆರೆ ಇಳಿದ ಮೇಲೆ ಪರಿಹಾರದ ಚೆಕ್ಕಿನೊಡನೆ ದೀರ್ಘಕಾಲದ ಅನುದಾನವೂ ಬರಲಿ, ಕೆರೆಗಳ ಸರಪಳಿ ಮರಳಿ ಜೋಡಣೆಯಾಗಲಿ, ತಜ್ಞರ ವರದಿಗೆ ಚುನಾವಣೆಗಳನ್ನು ಮೀರಿದ ಆಯುಸ್ಸು ದೊರೆಯಲಿ. ಪ್ರಜೆಗಳಿಗೆ ಮತದ ಹಕ್ಕಿಲ್ಲದ ಕಾಲದ ಸಂಸ್ಥಾನವೊಂದು ಹತ್ತೊಂಬತ್ತು ವರ್ಷ ತಾಳ್ಮೆಯಿಂದ ಮಾಡಿದ್ದನ್ನು, ಪ್ರಜೆಗಳೇ ಆರಿಸಿದ ಸರಕಾರ ಮಾಡಲಾರದೆಂದು ನಾವು ಒಪ್ಪಲಾರೆವು.